ನಡುಹೊಳೆಯ ಉಡಿ

ದೋಣಿಯಲ್ಲಿ ಕೂತ ಕೂಡಲೇ ವನಮಾಲಾ ಹಲಗೆಯ ಅಂಚನ್ನು ಗಟ್ಟಿಯಾಗಿ ಹಿಡಿದಳು. ಕಾರ್ತಿಕದ ಕೃಷ್ಣೆ ಇನ್ನೂ ತುಂಬಿಕೊಂಡೇ ಇದ್ದಳು, ಸದ್ದಿಲ್ಲದೆ ಹರಿಯುತ್ತಿದ್ದಳು. ನೋಡುತ್ತ ನೋಡುತ್ತ ನೀರು ನಿಂತುಬಿಟ್ಟಿತು. ದೋಣಿಯೇ ಎದುರು ದಿಕ್ಕಿಗೆ ಓಡತೊಡಗಿತು.

“ದೋಣಿ ಹೊಂಟತ್ರೀ! ಇನ್ನಾ ಮಂದಿ ಹತ್ತಿಲ್ಲ!” ಎಂದು ಚೀರಿದಳು.

ದಂಡೆಯ ಮೇಲಿದ್ದವರು ಗೊಳ್ಳೆಂದು ನಕ್ಕರು. ಅಂಬಿಗ ಧರೆಪ್ಪ ಗೂಟಕ್ಕೆ ಬಿಗಿದ ಹಗ್ಗವನ್ನು ಎತ್ತಿ ತೋರಿಸಿದ. “ಎಲ್ಲಿ ಹೊಂಟೈತಿ ತಂಗಿ? ಹಗ್ಗಾನ ಬಿಚ್ಚಿಲ್ಲ.”

“ಬೋರಗಾಂವದ ಹುಡಿಗಿ, ಮಗ್ಗಾ ನೋಡ್ಯಾಳ, ದೋಣಿ ಎಲ್ಲಿ ನೋಡ್ಯಾಳ!” ಎಂದಳು ಗಂಡನ ಸೋದರತ್ತೆ ಸೋನಾಬಾಯಿ.

ವನಮಾಲಾ ನಗಲು ನೋಡಿದಳು. ತುಟಿ ಒಣಗಿತ್ತು.

ಮದುವೆ ನಿನ್ನೆ ಆಗಿತ್ತು. ಹೊಳೆಯ ಆಚೆಗೆ ಸತ್ತಿ, ಗಂಡನ ಊರು. ಆ ಮನೆಗೆ ಮೊದಲ ಸಲ ಬರುವ ಸೊಸೆ ನಡುಹೊಳೆಯಲ್ಲಿ ಎದ್ದು ನಿಂತು, ಹೊಳೆಗೆ ಉಡಿ ತುಂಬಬೇಕು. ಕುಪ್ಪಸದ ಖಣ, ಹಸಿರು ಬಳೆ, ಅಕ್ಕಿ, ಕೊಬ್ಬರಿ ಬಟ್ಟಲು ಎಲ್ಲವೂ ಅವಳ ಮಡಿಲಲ್ಲಿದ್ದವು. ಕೂತು ಹಾಕುವಂತಿಲ್ಲ. ಕಣ್ಣು ಮುಚ್ಚುವಂತಿಲ್ಲ.

ಚಿಕ್ಕವಳಿದ್ದಾಗ ದೂಧಗಂಗೆಯ ಸೇತುವೆಯ ಮೇಲೆ ನಿಂತು ಮಹಾಪೂರ ನೋಡುತ್ತಿದ್ದಳು. ಸೇತುವೆಯೇ ಕಿತ್ತುಕೊಂಡು ಹೊರಟಂತಾಗಿ ಬಿದ್ದಿದ್ದಳು. ಗಾಳಿ ಬಡಿದಿದೆ ಎಂದರು ಕೆಲವರು. ಫಿಟ್ಸ್ ಎಂದರು ಉಳಿದವರು. ಇಂದು ಕಳಿಸಿಕೊಡುವಾಗ ಅವ್ವ ಕಿವಿಯಲ್ಲಿ ಹೇಳಿದ್ದಳು: “ನಡುಹೊಳ್ಯಾಗ ಬಿದ್ದಿ ಅಂದ್ರ, ಫಿಟ್ಸಿನ ಹುಡಿಗೀನ ಗಂಟ ಹಾಕ್ಯಾರ ಅಂತ ಅದ ದೋಣ್ಯಾಗ ತಿರಿಗಿ ಕಳಸ್ತಾರ. ಹಲ್ಲ ಕಚ್ಚಿ ನಿಂದರು.”

ಅದಕ್ಕಿಂತ ಆಳದ ಹೆದರಿಕೆ ಇನ್ನೊಂದಿತ್ತು. ಅದು ಹುಟ್ಟಿದ್ದು ಬರುವ ದಾರಿಯಲ್ಲಿ, ಟ್ರ್ಯಾಕ್ಸ್ ಗಾಡಿಯೊಳಗೆ. ಸೋನಾಬಾಯಿ ನಗುತ್ತ ಹೇಳಿದ್ದಳು: “ನಮ್ಮ ಸಿದ್ದು ಪುಣೇದಾಗ ಮಂದೀಗೆ ಹೆಲ್ಮೆಟ್ ಹಾಕಿ ಚಕ್ಕರ ಬರಸ್ತಾನ. ಇನ್ನ ಮನ್ಯಾಗ ಒಬ್ಬಾಕಿ ಸಿಕ್ಕಳು!”

ಗಂಡ ಕಾಡಸಿದ್ದ ಆಗ ಕಿಟಕಿಯ ಹೊರಗೆ ನೋಡುತ್ತಿದ್ದ. ಇಲ್ಲ ಎನ್ನಲಿಲ್ಲ. ಆ ಮೌನವನ್ನೇ ಅವಳು ದಾರಿಯುದ್ದಕ್ಕೂ ಹೊತ್ತು ತಂದಿದ್ದಳು.

ಹೆಣ್ಣು ನೋಡಲು ಬಂದ ದಿನ ಅಪ್ಪ ಅಭಿಮಾನದಿಂದ ಅವನಿಗೆ ಮಗ್ಗದ ಶೆಡ್ ತೋರಿಸಿದ್ದ. ಹಾಸುನೂಲು ಸುತ್ತುವ ಆಳೆತ್ತರದ ಡ್ರಮ್ ತಿರುಗುತ್ತಿತ್ತು. ಅದರ ಮುಂದೆ ನಿಂತ ಹುಡುಗ ಒಮ್ಮೆಲೇ ಕಂಬ ಹಿಡಿದಿದ್ದ. ಚಹಾ ತಂದ ಅವಳನ್ನು ಕಂಡು, ರೆಪ್ಪೆ ಬಡಿಯದೆ ನೋಡಿದ್ದ. ಆ ನೋಟ ಪ್ರೀತಿಯದು ಅಂದುಕೊಂಡಿದ್ದಳು. ಅದು ಪರೀಕ್ಷೆಯ ನೋಟವಾಗಿದ್ದರೆ?

ಎಲ್ಲರೂ ಹತ್ತಿದ ಮೇಲೆ ಧರೆಪ್ಪ ಹಗ್ಗ ಬಿಚ್ಚತೊಡಗಿದ.

“ನಡುಹೊಳಿ ಬಂದ ಕೂಡ್ಲೆ ಹೇಳ್ರಿ ಮಾಮಾ,” ಎಂದಳು.

ಎದುರಿಗೆ ಕೂತ ಕಾಡಸಿದ್ದ ಮುಂದೆ ಬಾಗಿದ. “ನೀರ ನೋಡಬ್ಯಾಡ. ನನ್ನ ನೋಡು.”

“ಮಂದಿ ಅದಾರ್ರಿ.”

“ಇರ್ಲಿ. ತಾಳೀನೂ ಅವರ ಎದರಿಗೇ ಕಟ್ಟೀನಿ.”

ಅವಳು ಕತ್ತೆತ್ತಿದಳು. “ಒಂದ ಮಾತ ಕೇಳ್ತೀನಿ, ಖರೇ ಹೇಳ್ರಿ. ಚಕ್ಕರ ಬರೋ ಹುಡಿಗಿ ಅಂತ ಗೊತ್ತಾಗೇ ನನ್ನ ಮಾಡಕೊಂಡ್ರೇನು? ನಾ ಸೇತುವಿ ಮ್ಯಾಲ ಬಿದ್ದಾಕಿ.”

ಹೇಳಿಬಿಟ್ಟಿದ್ದಳು. ಅವ್ವ ಇಷ್ಟು ದಿನ ಬಚ್ಚಿಟ್ಟದ್ದು ಒಂದೇ ಉಸಿರಿನಲ್ಲಿ ಹೊರಗೆ ಬಂದಿತ್ತು. ಈಗ ಸಿಟ್ಟು ಬರಬಹುದು, ಅಸಹ್ಯ ಬರಬಹುದು ಎಂದು ಅವನ ಮುಖವನ್ನೇ ನೋಡಿದಳು. ಹುಬ್ಬಿನ ಮೇಲೊಂದು ಹಳೆಯ ಗಾಯದ ಗೆರೆ. ಮೇಲ್ದುಟಿಯ ಮೇಲೆ ಬೆವರು.

“ಗೊತ್ತಿರಲಿಲ್ಲ,” ಎಂದ. “ಅವತ್ತ ನಾ ಕಂಬಾ ಯಾಕ ಹಿಡದೆ, ಹೇಳು?”

“ನಾಚಿಕಿ ಬಂತೇನೊ ಅನಕೊಂಡೆ.”

“ನೆಲಾ ತಿರಗಾಕತ್ತಿತ್ತು. ಮಾವನ ಮುಂದ ಬೀಳ್ತೀನೇನೊ ಅಂತ ಜೀವ ಹೋಗಿತ್ತು. ಅಷ್ಟರಾಗ ನೀ ಚಾ ತಂದಿ. ನಿನ್ನ ನೋಡಿದೆ, ನೆಲಾ ನಿಂತ್ತು.”

ಆಗಲೇ ಅವಳಿಗೆ ಅವನ ಕೈ ಕಂಡದ್ದು. ಅವಳಂತೆಯೇ ಹಲಗೆ ಹಿಡಿದಿದ್ದ, ಗೆಣ್ಣುಗಳು ಬಿಳಿಚಿದ್ದವು.

“ಸತ್ತ್ಯಾಗ ಹುಟ್ಟಿ ನಿಮಗ ಹೊಳಿ ಹೆದರಿಕೀನ?”

“ಇಂದಿಗೂ ಹೊಟ್ಟಿ ತೊಳಸ್ತೈತಿ. ಯಾಕ ಹಿಂಗ ಅಂತ ಹುಡಕ್ಕೋತ ಪುಣೇಕ ಹೋದೆ. ಅಲ್ಲಿ ಹೆಲ್ಮೆಟ್ ಒಳಗ, ಕಣ್ಣ ಮುಂದ ಸಣ್ಣ ಟೀವಿ ಇರ್ತಾವ. ಕಂಪ್ಯೂಟರ್ ಅದರಾಗ ದಾರಿ ಓಡಸ್ತೈತಿ. ಖುರ್ಚ್ಯಾಗ ಕುಂತ ಮನಶಾ ತಾನ ಓಡಾಕತ್ತೇನಿ ಅಂತ ಖುರ್ಚಿ ಗಟ್ಟಿ ಹಿಡೀತಾನ. ಕಣ್ಣ ತುಂಬ ಹರಿಯೂದು ಕಂಡ್ರ, ಮೈ ತಾನ ಹೊಂಟೇನಿ ಅನ್ನತೈತಿ. ಇದು ಗಾಳೀನೂ ಅಲ್ಲ, ಫಿಟ್ಸೂ ಅಲ್ಲ.”

“ಎಲ್ಲಾರಿಗೂ ಹಿಂಗ ಆಗ್ತೈತೇನ್ರಿ?”

“ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮಿ. ನಮ್ಮ ಲ್ಯಾಬಿನ್ಯಾಗ ಮದಲ ವಾಂತಿ ಮಾಡಕೊಂಡಾಂವ ನಾನ.”

ಅವಳಿಗೆ ನಗು ತಡೆಯಲಾಗಲಿಲ್ಲ. “ಮತ್ತ ಗಾಡ್ಯಾಗ ಆತ್ಯಾರು ಅಂದಾಗ ಯಾಕ ಸುಮ್ಮ ಕುಂತ್ರಿ?”

“ಹೊಳಿ ಬರ್ತೈತಲ್ಲ ಅಂತ ಹೆದರಿ ಕುಂತಿದ್ದೆ. ಬಾಯಿ ತಗದ್ರ ಗೊತ್ತಾಕ್ಕಿತ್ತು.”

ಹೆದರಿದ ಎರಡು ಕಣ್ಣುಗಳು, ಹೆದರಿದ ಇನ್ನೆರಡನ್ನು ನೋಡುತ್ತ ಕೂತವು. ದೋಣಿ ನೆಲದಷ್ಟೇ ಗಟ್ಟಿಯಾಗಿತ್ತು.

ಕೆಳಗೆ ಏನೋ ಉಜ್ಜಿ, ಅವಳು ಬೆಚ್ಚಿದಳು. “ಹಗ್ಗಾ ಬಿಚ್ಚಿದ್ರೇನು ಮಾಮಾ?”

ಧರೆಪ್ಪ ಹುಟ್ಟು ಕೆಳಗಿಟ್ಟ. “ಹಗ್ಗ ಎಲ್ಲೀದವ್ವಾ? ಸತ್ತಿ ಬಂತು.”

“ಅಯ್ಯ ಶಿವನ! ಉಡಿ ಹಂಗ ಉಳೀತಲ್ಲೋ!” ಸೋನಾಬಾಯಿ ಹಣೆ ಬಡಿದುಕೊಂಡಳು. “ನಡುಹೊಳ್ಯಾಗ ಹೇಳಾಕ ಏನಾಗಿತ್ತ ನಿನಗ?”

“ಎರಡ ಸಲ ಒದರಿದೆ ಬಾಯಾರ. ನೀವು ತೂಕಡಸಾಕತ್ತಿದ್ರಿ, ಇವರಿಬ್ಬರಿಗೂ ಕೇಳಬೇಕಲ್ಲ!”

ವನಮಾಲಾ ಹಿಂತಿರುಗಿ ನೋಡಿದಳು. ಇಡೀ ಹೊಳೆ ಬೆನ್ನ ಹಿಂದಿತ್ತು. ಹೆದರಿಕೆ ಈಗ ತಡವಾಗಿ ಬಂತು.

“ಹೋಗ್ಲಿ ಬಿಡು, ಇಲ್ಲೇ ದಂಡ್ಯಾಗ ಹಾಕಿ ಇಳದ ಬಾ,” ಎಂದಳು ಸೋನಾಬಾಯಿ.

ಇಳಿದುಬಿಡಬಹುದಿತ್ತು. ಮರಳು ಅಲ್ಲೇ ಇತ್ತು, ಅಲುಗಾಡದ ಮರಳು. ಅವಳು ಗಂಡನತ್ತ ನೋಡಿದಳು. ಅವನ ಮುಖ ಬಿಳಿಚಿತ್ತು. ಆದರೂ ಅವನು ಕದಲಲಿಲ್ಲ.

“ಬ್ಯಾಡ್ರಿ ಆತ್ಯಾ. ತಿರಿಗಿ ನಡುಹೊಳಿಗೆ ಹೋಗೋಣು,” ಎಂದಳು.

ದೋಣಿ ಮತ್ತೆ ನೀರಿಗೆ ಸರಿಯಿತು. ಧರೆಪ್ಪ ಈ ಸಲ ಊರಿಗೇ ಕೇಳುವಂತೆ ಕೂಗಿದಾಗ, ಒಂದು ಕೈಯಲ್ಲಿ ಉಡಿ ಹಿಡಿದು ಅವಳು ಎದ್ದು ನಿಂತಳು. ಇನ್ನೊಂದು ಕೈಯನ್ನು ಅವನತ್ತ ಚಾಚಿದಳು. ಅವನ ಅಂಗೈ ಬೆವೆತು ತಣ್ಣಗಿತ್ತು.

“ಎದ್ದ ನಿಂದರ್ರಿ,” ಎಂದಳು ಮೆಲ್ಲಗೆ. “ನೀರ ನೋಡಬ್ಯಾಡ್ರಿ. ನನ್ನ ನೋಡ್ರಿ.”