ಬಿಳಿ ಚುಕ್ಕೆ ಇಲ್ಲದ ನಲವತ್ತು ಶಾಲುಗಳು

“ಒಂದು ನಿಂಬೆಹಣ್ಣು ಸಿಗುತ್ತಾ?”

ಹೆಗಲಲ್ಲಿ ಚೀಲ ಹೊತ್ತು ಬಾಗಿಲಲ್ಲಿ ನಿಂತವನು ಕೇಳಿದ ಮೊದಲ ಮಾತೇ ಅದು.

“ಶರಬತ್ತಿಗಾ ಸಾರ್? ಕೂತ್ಕೊಳ್ಳಿ, ಮಾಡ್ಕೊಡ್ತೀವಿ!” ಎಂದಳು ಶಾಲು ಮಡಿಸುವ ಅಕ್ಕ. ಅವಳ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ.

“ಶರಬತ್ತಿಗಲ್ಲ ಅಕ್ಕಾ, ತಪಾಸಣೆಗೆ. ಬೇರಿನಿಂದ ತೆಗೆದ ಕೆಂಪಿನ ಮೇಲೆ ಹುಳಿ ಬಿದ್ರೆ ಅದು ಕಿತ್ತಳೆಗೆ ತಿರುಗುತ್ತೆ. ಪ್ಯಾಕೆಟ್ ಬಣ್ಣ ಆದ್ರೆ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ.”

ಹಂಡೆಯ ಪಕ್ಕದಲ್ಲಿ ನಿಂತಿದ್ದ ಹುಡುಗಿಯ ಕೈಯಿಂದ ಕೋಲು ಜಾರಿ ನೆಲಕ್ಕೆ ಬಿತ್ತು.

ಎಲ್ಲರೂ ತಿರುಗಿ ನೋಡಿದರು. ಅವನೂ ನೋಡಿದ.

‘ಅಯ್ಯೋ... ಮುಗೀತು ಕಥೆ!’

ಅವಳನ್ನು ಎಲ್ಲರೂ ಕೆಂಪಿ ಎಂದೇ ಕರೆಯುತ್ತಿದ್ದರು. ಹನ್ನೆರಡನೇ ವಯಸ್ಸಿನಿಂದ ಬೇರಿನ ಬಣ್ಣದಲ್ಲಿ ಕೈ ಅದ್ದಿ ಅದ್ದಿ ಅಂಗೈ ಎರಡೂ ಕೆಂಪಗಾಗಿದ್ದವು. ಎಷ್ಟು ತೊಳೆದರೂ ಆ ಕೆಂಪು ಹೋಗುತ್ತಿರಲಿಲ್ಲ. ಬಣ್ಣದ ಮನೆ ಅವಳ ದೊಡ್ಡಮ್ಮನದು. ಹನ್ನೊಂದು ಹೆಂಗಸರು ಅಲ್ಲಿ ದುಡಿಯುತ್ತಿದ್ದರು. ಹೊಲಿಗೆ ಅಂಗಡಿಗಳ ಚಿಂದಿಯನ್ನು ಬಿಡಿಸಿ ಮತ್ತೆ ನೂಲು ತೆಗೆದು ನೇಯ್ದ ಹತ್ತಿಯ ಶಾಲು, ಅದಕ್ಕೆ ಬೇರಿನ ಕೆಂಪು, ಅಂಚಿನಲ್ಲಿ ಹೆಬ್ಬೆಟ್ಟಿನಷ್ಟು ಒಂದು ಚೀಟಿ: ‘ಮರುನೂಲಿನ ಬಟ್ಟೆ. ಬೇರಿನ ಬಣ್ಣ. ಯಾರ ನೀರಿಗೂ ವಿಷವಿಲ್ಲ.’

ಆ ಚೀಟಿ ನೋಡಿಯೇ ಜನ ಕೊಳ್ಳುತ್ತಿದ್ದರು. ಚೀಟಿಯ ಹಕ್ಕು ಹೋದರೆ ಹನ್ನೊಂದು ಒಲೆ ಆರಿದಂತೆ. ಹಕ್ಕು ಇರಬೇಕೋ ಹೋಗಬೇಕೋ ಎಂದು ಬರೆಯಲು ಚೀಟಿ ಕೊಡುವ ಕಚೇರಿಯಿಂದ ಬಂದವನೇ ಈಗ ನಿಂಬೆಹಣ್ಣು ಕೇಳುತ್ತ ನಿಂತಿದ್ದ!

ಕೆಂಪಿ ಮಾಡಿದ್ದು ದೊಡ್ಡ ಮೋಸವೇನಲ್ಲ ಎಂದು ನಾನು ಹೇಳಲಾರೆ. ಆದರೆ ಅದು ಹೇಗೆ ನಡೆಯಿತು ಎಂಬುದನ್ನಂತೂ ಹೇಳಬೇಕು.

ಎಂಟು ದಿನದ ಹಿಂದೆ ಬಂದ ಬೇರಿನ ಕಡೆಯ ಮೂಟೆಗೆ ಬೂಸಲು ಹಿಡಿದಿತ್ತು. ಮುನ್ನೂರು ಶಾಲುಗಳಲ್ಲಿ ನಲವತ್ತು ಬಾಕಿ. ಹಂಡೆಯಲ್ಲಿ ಕುದಿಸಿದರೆ ಬಂದಿದ್ದು ಕೆಂಪಲ್ಲ, ಕೆಸರು. ಅಷ್ಟರಲ್ಲಿ ದೊಡ್ಡಮ್ಮ ಗೋಡೆ ಹಿಡಿದುಕೊಂಡು ಬಂದು ಕೇಳಿದ್ದಳು, “ಮಗಾ, ಬಣ್ಣ ಬಂತಾ?” ದೊಡ್ಡಮ್ಮನ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಈಗ ಬಣ್ಣ ನೋಡುವುದೆಲ್ಲ ಕೆಂಪಿಯ ಕಣ್ಣೇ.

“ಬಂತು ದೊಡ್ಡಮ್ಮಾ...” ಅಂದುಬಿಟ್ಟಿದ್ದಳು.

ಮೊದಲು ಬಂದದ್ದು ಸುಳ್ಳು. ಆ ಸುಳ್ಳನ್ನು ನಿಜ ಮಾಡಲು ಪೇಟೆಯಿಂದ ಬಂದದ್ದು ಬಣ್ಣದ ಪ್ಯಾಕೆಟ್ಟು. ಎಲ್ಲರೂ ಊಟಕ್ಕೆ ಹೋದಾಗ, ಎರಡು ಮಧ್ಯಾಹ್ನ, ರಬ್ಬರ್ ಕೈಗವಸು ಹಾಕಿಕೊಂಡು ನಲವತ್ತನ್ನೂ ಅದ್ದಿದ್ದಳು.

ಇನ್ನು ಉಳಿದ ನೀರು? ಬೇರಿನ ನೀರನ್ನು ತಿಳಿ ಮಾಡಿ ಹಿತ್ತಿಲ ತರಕಾರಿ ಮಡಿಗೆ ಬಿಡುವುದು ದೊಡ್ಡಮ್ಮನ ಪದ್ಧತಿ. ಈ ನೀರನ್ನು ಅಲ್ಲಿಗೆ ಬಿಡಲು ಅವಳಿಗೆ ಮನಸ್ಸು ಬರಲಿಲ್ಲ. ಹನ್ನೆರಡು ಕ್ಯಾನ್‌ಗಳಿಗೆ ತುಂಬಿ ಉಗ್ರಾಣದ ಮೂಲೆಯಲ್ಲಿಟ್ಟು ಮೇಲೆ ಚಿಂದಿ ಮುಚ್ಚಿದ್ದಳು. ಅವತ್ತಿನಿಂದ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

“ಕೊಡಿ ಇಲ್ಲಿ.” ಈಗ ನಿಂಬೆಹಣ್ಣು ಹೆಚ್ಚಲು ಹೋದ ಕೆಂಪಿಯ ಕೈಯಿಂದ ಅವನು ಚಾಕು ತೆಗೆದುಕೊಂಡ. “ಬೆರಳೆಲ್ಲ ಒಡೆದಿದೆ ನಿಮ್ದು. ರಸ ತಾಕಿದ್ರೆ ಉರಿಯುತ್ತೆ. ನಾನೇ ಹೆಚ್ಚುತ್ತೀನಿ.”

ಅವಳ ಬೆರಳಿನ ಬಿರುಕನ್ನು ಇದುವರೆಗೆ ಯಾರೂ ಗಮನಿಸಿರಲಿಲ್ಲ. ಎದೆಯೊಳಗೆ ಏನೋ ಮೆತ್ತಗೆ ಕದಲಿತು. ಮರುಕ್ಷಣವೇ ಹೆದರಿಕೆ ಅದನ್ನು ತುಳಿದು ಹಾಕಿತು. ‘ಇವನ ಒಳ್ಳೆಯತನ ನಂಬಬೇಡ ಕಣೇ... ಕೊಯ್ಯೋಕೇ ಬಂದಿರೋನು!’

ಒಂದು ಶಾಲು, ಒಂದು ಹನಿ. ಕಿತ್ತಳೆ! ಎರಡನೆಯದೂ ಕಿತ್ತಳೆ! ಹೀಗೆ ಇಪ್ಪತ್ತು.

“ನಮ್ಮನೇಲಿ ಸುಳ್ಳು ಹುಟ್ಟಲ್ಲ ನಿಂಬೆ ಸಾಹೇಬ್ರೇ,” ಎಂದು ಮಡಿಸುವ ಅಕ್ಕ ಬೀಗಿದಳು. ಹೆಸರೂ ಇಟ್ಟಾಯಿತು!

ಅವನು ನಕ್ಕ. ಒಂದು ಶಾಲಿನ ಮೂಲೆ ಹಿಡಿದು, “ಇದೇನು, ಈ ಬಿಳಿ ಚುಕ್ಕೆ? ಎಲ್ಲದರಲ್ಲೂ ಇದೆಯಲ್ಲ?” ಎಂದ.

“ಅದು ನಮ್ಮ ಕೆಂಪಿ ಗುರುತು. ಅದ್ದೋಕೆ ಮುಂಚೆ ಮೂಲೇಲಿ ದಾರ ಬಿಗಿದು ಗಂಟು ಹಾಕ್ತಾಳೆ. ಅಲ್ಲಿಗೆ ಬಣ್ಣ ಹೋಗಲ್ಲ, ಬಿಚ್ಚಿದ್ರೆ ಕೊತ್ತಂಬರಿ ಕಾಳಿನಷ್ಟು ಬಿಳಿ. ಚಿಕ್ಕೋಳಿದ್ದಾಗಿಂದ ಹಂಗೇ. ಗಂಟು ಹಾಕದೆ ಒಂದು ಕರವಸ್ತ್ರಾನೂ ಅದ್ದಲ್ಲ ಮಹಾತಾಯಿ!”

ಕೆಂಪಿಯ ಕಣ್ಣು ತಳದ ಕಟ್ಟಿನತ್ತ ಹೊರಳಿತು.

ಆ ನಲವತ್ತಕ್ಕೆ... ತಾನು ಗಂಟು ಹಾಕಿದ್ದೆನೇ?

ಇಲ್ಲ! ಹಾಕಿರಲಿಲ್ಲ! ಯೋಚಿಸಿ ಬಿಟ್ಟದ್ದಲ್ಲ. ಸುಳ್ಳಿನ ಬಟ್ಟೆಗೆ ತನ್ನ ಗುರುತು ಬಿಗಿಯಲು ಕೈಯೇ ಏಳಲಿಲ್ಲ. ಅದು ಅವಳಿಗೂ ಈಗಲೇ ಹೊಳೆದದ್ದು.

ಅವನು ತಳದ ಕಟ್ಟು ಬಿಚ್ಚಿದ. ಹೆಬ್ಬೆರಳು ಒಂದೊಂದೇ ಮೂಲೆಯ ಮೇಲೆ ಸರಿಯಿತು. ಒಂದು... ಎರಡು... ಹತ್ತು... ನಲವತ್ತು. ಕೈಯಲ್ಲಿ ಇನ್ನೂ ಅರ್ಧ ಹೋಳು ನಿಂಬೆ ಇತ್ತು. ಹಿಂಡಲಿಲ್ಲ.

ತಲೆಯೆತ್ತಿ ಅವಳನ್ನೇ ನೋಡಿದ.

“ನೀವೇನಾದ್ರೂ ಹೇಳಬೇಕಾ?”

“ಇ... ಇಲ್ಲ. ಏನೂ ಇಲ್ಲ.”

“ಸರಿ. ಈ ಕಟ್ಟು, ನೀರಿನ ತೊಟ್ಟಿ, ಉಗ್ರಾಣ... ಇವಿಷ್ಟು ನಾಳೆ ನೋಡ್ತೀನಿ.”

ಅವನು ಹೋದ ಮೇಲೂ ನಿಂಬೆಯ ವಾಸನೆ ಅಲ್ಲೇ ಉಳಿಯಿತು. ಕೆಂಪಿ ಗೋಡೆಗೆ ಒರಗಿದಳು.

ಮರುದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದಳು. ಕ್ಯಾನ್‌ಗಳನ್ನು ಬೇರೆ ಕಡೆ ಸಾಗಿಸಬೇಕು. ಎಲ್ಲಿಗೆ? ಅದು ಗೊತ್ತಿಲ್ಲ. ಉಗ್ರಾಣದ ಹತ್ತಿರ ಬರುತ್ತಿದ್ದಂತೆ ಗಕ್ಕನೆ ನಿಂತಳು.

ಬಾಗಿಲ ಸಂದಿನಿಂದ ಕೆಂಪು ನೀರು ಹರಿದು ಬರುತ್ತಿತ್ತು!

ತೆಳ್ಳಗೆ, ಸದ್ದಿಲ್ಲದೆ, ಅಂಗಳದ ಇಳಿಜಾರು ಹಿಡಿದು ತರಕಾರಿ ಮಡಿಯ ಕಾಲುವೆಯ ಕಡೆಗೆ. ಅಲ್ಲಿ ದೊಡ್ಡಮ್ಮ ಬಗ್ಗಿ, ಏನೂ ಕಾಣದ ಕಣ್ಣಿನಲ್ಲಿ, ಕಾಲುವೆಗೆ ಅಡ್ಡವಿಟ್ಟಿದ್ದ ಹಲಗೆಯನ್ನು ತಡಕುತ್ತಿದ್ದಳು.

“ದೊಡ್ಡಮ್ಮಾ, ಹಲಗೆ ಎತ್ತಬೇಡಿ!!”

“ಯಾಕೆ ಹಂಗ್ ಕಿರುಚ್ತೀಯೇ? ಹಾವು ಕಂಡ್ಯಾ?”

ಹಾವಾಗಿದ್ದರೆ ಅವಳು ಇಷ್ಟು ಹೆದರುತ್ತಿರಲಿಲ್ಲ. ಉಗ್ರಾಣದಿಂದ ಚಿಂದಿಯ ಮೂಟೆ ಎಳೆದು ತಂದು ನೀರಿಗೆ ಅಡ್ಡ ಒಡ್ಡಿದಳು. ನೀರು ಪಕ್ಕದಿಂದ ನುಸುಳಿತು. ಅಲ್ಲಿಗೂ ಒತ್ತಿದಳು. ಮತ್ತೊಂದು ಕಡೆ ನುಸುಳಿತು. ಕೈ ಎರಡೇ! “ದೇವರೇ... ಬೇಡ... ಬೇಡ...”

ಪಕ್ಕದಲ್ಲಿ ಯಾರೋ ದೊಪ್ಪನೆ ಮಂಡಿಯೂರಿದರು. ಮತ್ತೆರಡು ಕೈಗಳು ಚಿಂದಿಯನ್ನು ಒತ್ತಿ ಹಿಡಿದವು. ಬಿಳಿ ಅಂಗಿಯ ತೋಳು ಮೊಣಕೈವರೆಗೂ ಕೆಂಪಾಯಿತು.

ಅವನೇ!

“ಒಳಗೆ ಹೋಗಿ ಸೋರ್ತಿರೋ ಕ್ಯಾನ್ ತಲೆಕೆಳಗೆ ಮಾಡಿ! ಇದನ್ನ ನಾನು ಹಿಡ್ಕೊಂಡಿರ್ತೀನಿ.”

ಅವಳು ಓಡಿದಳು. ತಳ ಬಿರುಕು ಬಿಟ್ಟಿದ್ದ ಕ್ಯಾನನ್ನು ತಿರುಗಿಸಿ ನಿಲ್ಲಿಸಿದಳು. ಹೊರಗೆ ಬಂದಾಗ ನೀರು ಹಲಗೆಯಿಂದ ಒಂದು ಗೇಣು ಈಚೆಗೇ ನಿಂತಿತ್ತು.

ಇಬ್ಬರೂ ಏದುಸಿರು ಬಿಡುತ್ತ ನೆಲದ ಮೇಲೆ ಕುಳಿತರು.

“ಈಗಲಾದ್ರೂ ಹೇಳ್ತೀರಾ?” ಅವನ ದನಿ ಸಣ್ಣಗಿತ್ತು.

ಅವಳೊಳಗೆ ಏನೋ ಒಡೆಯಿತು. “ಹೇಳೋದೇನಿದೆ? ನಿನ್ನೇನೇ ಗೊತ್ತಾಗಿತ್ತಲ್ಲ ನಿಮಗೆ! ಹಿಂಡಿ, ಬರೆದು ಹೋಗಬಹುದಿತ್ತು. ಬೆಕ್ಕು ಇಲಿ ಆಡಿಸಿದ ಹಾಗೆ ಆಡಿಸಿದ್ರಿ... ಖುಷಿ ಆಯ್ತಾ?”

“ಖುಷಿಯಾ?” ಅವನು ಅಂಗಿಯ ಒದ್ದೆ ತೋಳನ್ನು ಹಿಂಡಿದ. “ಹೋದ ವರ್ಷ ಒಂದು ಕಡೆ ಹತ್ತೇ ನಿಮಿಷದಲ್ಲಿ ಹಿಂಡಿ, ಬರೆದು, ಎದ್ದು ಬಂದೆ. ಬರೆದದ್ದು ಸರಿಯಾಗೇ ಇತ್ತು. ಆ ಬಣ್ಣದ ಮನೆ ಮುಚ್ಚಿತು. ಅಲ್ಲಿದ್ದ ಅಜ್ಜಿಯೊಬ್ಬರು ಬಸ್ ಸ್ಟಾಪ್‌ವರೆಗೂ ಬಂದು, ‘ಒಂದು ಮಾತು ಕೇಳಿದ್ರೆ ನಾವೇ ಹೇಳ್ತಿದ್ವಲ್ಲ ಮಗನೇ’ ಅಂದ್ರು. ಅವತ್ತಿಂದ ನಿಂಬೆ ಹಿಂಡೋಕೆ ನನಗೇ ಭಯ. ಅದಕ್ಕೇ ಒಂದು ಸಲ ಕೇಳ್ತೀನಿ. ಒಂದು ದಿನ ಕಾಯ್ತೀನಿ. ನಾನು ಹಿಡಿದ್ರೆ ಚೀಟಿ ಹೋಗುತ್ತೆ. ನೀವೇ ಹೇಳಿದ್ರೆ ಉಳಿಯೋ ದಾರಿ ಇದೆ... ನಿಯಮದಲ್ಲೇ ಇದೆ.”

ಅವಳು ಒದ್ದೆ ಚಿಂದಿಯನ್ನು ಇನ್ನಷ್ಟು ಒತ್ತಿ ಸರಿಪಡಿಸಿದಳು.

“ಗಂಟಿಲ್ಲದ್ದು ನೋಡಿದಾಗ ನಿಮ್ಮನ್ನ ಕಳ್ಳಿ ಅಂದ್ಕೊಳ್ಳೋಕೆ ಆಗಲಿಲ್ಲ ನನಗೆ,” ಎಂದ. “ಪೂರ್ತಿ ಕಳ್ಳರಾಗಿದ್ರೆ ಗಂಟೂ ಹಾಕಿರ್ತಿದ್ರಿ.”

ಅಷ್ಟರಲ್ಲಿ ಹೆಂಗಸರೆಲ್ಲ ಬಂದು ನಿಂತಿದ್ದರು. ಕೆಂಪಿ ಎದ್ದಳು. ದೊಡ್ಡಮ್ಮನವರೆಗಿನ ಹದಿನೈದು ಹೆಜ್ಜೆ ಅವಳ ಜೀವಮಾನದಲ್ಲೇ ಅತಿ ಉದ್ದದ ದಾರಿ.

“ದೊಡ್ಡಮ್ಮಾ... ಅವತ್ತು ಬಣ್ಣ ಬಂದಿರಲಿಲ್ಲ. ನಲವತ್ತು ಶಾಲಿಗೆ ಪ್ಯಾಕೆಟ್ ಬಣ್ಣ ಹಾಕಿದ್ದೀನಿ. ನಾನೊಬ್ಬಳೇ. ಇವರಿಗ್ಯಾರಿಗೂ ಗೊತ್ತಿಲ್ಲ.”

ಮಡಿಸುವ ಅಕ್ಕನ ಬಾಯಿಗೂ ಅವತ್ತು ಬೀಗ ಬಿತ್ತು.

“‘ಬರಲಿಲ್ಲ’ ಅನ್ನೋಕೆ ನನ್ನ ಮೇಲೆ ಅಷ್ಟು ಭಯಾನಾ ಮಗಾ?”

“ನಿಮ್ಮ ಮೇಲಲ್ಲ... ನನ್ನ ಕಣ್ಣಲ್ಲೇ ನೀವು ನೋಡ್ತೀರಿ. ಆ ಕಣ್ಣೂ ಕೈ ಕೊಡ್ತು ಅಂದ್ರೆ ನಿಮಗೆ ಏನು ಉಳಿಯುತ್ತೆ ಅಂತ...” ಮುಂದೆ ಆಗಲಿಲ್ಲ. ಅಳು ಉಕ್ಕಿತು.

ದೊಡ್ಡಮ್ಮನ ಕೈ ಗಾಳಿಯಲ್ಲಿ ತಡಕಿ ಅವಳ ಕೆನ್ನೆ ಮುಟ್ಟಿತು. ಹೊಡೆಯುತ್ತಾಳೆಂದು ಕೆಂಪಿ ಕಣ್ಣು ಮುಚ್ಚಿದಳು. ಆ ಕೈ ಕಣ್ಣೀರು ಒರೆಸಿತು.

“ಬರ್ಕೊಳ್ಳಿ ಸಾಹೇಬ್ರೇ,” ಎಂದಳು ಮುದುಕಿ, ದನಿ ಗಟ್ಟಿ ಮಾಡಿ. “ಇನ್ನೂರ ಅರವತ್ತು ನಮ್ಮದು. ನಲವತ್ತು ನಮ್ಮ ತಪ್ಪು. ಚೀಟಿ ಬಿಚ್ಚಿ, ಪ್ಯಾಕೆಟ್ ಬಣ್ಣದ್ದು ಅಂತ ಹೇಳೇ ಮಾರ್ತೀವಿ. ಈ ನೀರು ಮಾತ್ರ ನನ್ನ ಮಡಿಗೆ ಬೇಡ.”

ನೀರು ಶುದ್ಧ ಮಾಡುವ ಘಟಕದ ಗಾಡಿ ಮಧ್ಯಾಹ್ನ ಬಂದು ಹನ್ನೆರಡು ಕ್ಯಾನ್ ಒಯ್ದಿತು. ಅವನು ವರದಿ ಬರೆದು ಎಲ್ಲರ ಮುಂದೆ ಗಟ್ಟಿಯಾಗಿ ಓದಿದ. ‘ತಪ್ಪನ್ನು ತಾವೇ ಒಪ್ಪಿಕೊಂಡಿದ್ದಾರೆ’ ಎಂಬ ಸಾಲಿಗೆ ಕೆಂಪಿಯ ಉಸಿರು ಸಡಿಲವಾಯಿತು. ಅವಳು ಮೊದಲ ಸಲ ಅವನ ಮುಖವನ್ನು ನೆಟ್ಟಗೆ ನೋಡಿದಳು.

ಅವನು ಕಡೆಯ ಸಾಲು ಓದಿದ. ಈ ಸಲ ತಲೆಯೆತ್ತದೆ.

“‘ಮುಂದೆ ಈ ಬಣ್ಣದ ಮನೆಗೆ ನನ್ನ ಬದಲು ಬೇರೆಯವರನ್ನು ಕಳಿಸಬೇಕು.’”

ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟ.

‘ನನ್ನ ಮುಖ ನೋಡೋಕೂ ಇಷ್ಟವಿಲ್ಲ ಅಂತಾಯ್ತು...’ ಕೆಂಪಿ ಹಂಡೆಯ ಕಡೆ ತಿರುಗಿ ನಿಂತಳು. ಹೊಗೆಯ ನೆಪದಲ್ಲಿ ಅತ್ತಳು. ಒಲೆ ಹೊತ್ತಿಸಿರಲಿಲ್ಲ ಎಂಬುದು ಎಲ್ಲರಿಗೂ ಕಾಣುತ್ತಿತ್ತು.

ಆರು ವಾರ ಅವಳು ಎರಡು ಭಯಗಳ ನಡುವೆ ಕಳೆದಳು. ಕಚೇರಿಯಿಂದ ಕಾಗದ ಬರುತ್ತದೆ ಎಂಬುದು ಒಂದು. ಅವನು ಇನ್ನು ಬರುವುದಿಲ್ಲ ಎಂಬುದು ಇನ್ನೊಂದು. ಯಾವುದು ದೊಡ್ಡದು ಎಂದು ಕೇಳಿದ್ದರೆ ಅವಳು ಸುಳ್ಳು ಹೇಳಬೇಕಾಗುತ್ತಿತ್ತು. ಸುಳ್ಳು ಬಿಟ್ಟಿದ್ದಳಲ್ಲ!

ಕಾಗದ ಬಂತು. ಚೀಟಿಯ ಹಕ್ಕು ಉಳಿದಿತ್ತು. ವರ್ಷದಲ್ಲಿ ಎರಡು ಸಲ ಹೇಳದೆ ಬಂದು ನೋಡುತ್ತೇವೆ ಎಂದಿತ್ತು. ಹನ್ನೊಂದು ಹೆಂಗಸರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದರು. ಕೆಂಪಿ ಕಾಗದ ತಿರುಗಿಸಿ ನೋಡಿದಳು. ಕೆಳಗಿದ್ದ ಸಹಿ ಬೇರೆ ಯಾರದೋ.

ಒಂದು ರಜೆಯ ಮಧ್ಯಾಹ್ನ ಅವಳು ಹೊಸ ಬೇರಿನ ಹಂಡೆ ಇಟ್ಟಿದ್ದಳು.

“ಈ ಕಲೆ ಹೋಗ್ತಿಲ್ಲ.”

ಬೆಚ್ಚಿ ತಿರುಗಿದಳು. ಬಾಗಿಲಲ್ಲಿ ಅವನು. ಹೆಗಲಲ್ಲಿ ಚೀಲವಿಲ್ಲ. ಕೈಯಲ್ಲಿ ಅದೇ ಬಿಳಿ ಅಂಗಿ, ತೋಳಿಗೆಲ್ಲ ಅವತ್ತಿನ ಕೆಂಪು.

“ನೀವು... ಇಲ್ಲಿಗೆ ಬರಲ್ಲ ಅಂತ ಬರೆದಿದ್ರಲ್ಲ?”

“ತಪಾಸಣೆಗೆ ಬರಲ್ಲ ಅಂದೆ.” ಅವನ ಕಿವಿ ಕೆಂಪಾಯಿತು. “ಕಾರಣ ಬರೀಬೇಕು ಅಂದ್ರು ಕಚೇರೀಲಿ. ಸ್ವಂತದ ಮನಸ್ಸು ಬೆರೆತಿರೋ ಕಡೆ ತಪಾಸಣೆ ಮಾಡಬಾರದು ಅಂತ ನಿಯಮ ಇದೆ. ಅದನ್ನೇ ಬರೆದೆ. ಮೊದಲ ದಿನ ಚಾಕು ತಗೊಂಡಾಗಲೇ ಬೆರೆತುಹೋಗಿತ್ತು... ಕಾಗದ ಹೊರಡೋವರೆಗೂ ನಿಮ್ಮನ್ನ ನೋಡೋ ಹಾಗಿರಲಿಲ್ಲ. ಇಲ್ಲಾಂದ್ರೆ ನಿಮ್ಮ ಇನ್ನೂರ ಅರವತ್ತಕ್ಕೂ ಮಾತು ಬರ್ತಿತ್ತು.”

“ಆರು ವಾರ ನಾನು... ನೀವು ಅಸಹ್ಯ ಪಟ್ಕೊಂಡು ಹೋದ್ರಿ ಅಂತ...”

“ಒಂದು ಮಾತು ಕೇಳಬಹುದಿತ್ತಲ್ಲ?”

“ಯಾರನ್ನ ಕೇಳಲಿ? ವಿಳಾಸ ಬಿಟ್ಟು ಹೋಗಿದ್ರಾ?”

ಇಬ್ಬರಿಗೂ ನಗು ಬಂತು. ಅವಳು ಅಂಗಿ ತೆಗೆದುಕೊಂಡು ತಿರುಗಿಸಿ ನೋಡಿದಳು.

“ಆ ಕೆಂಪು ಹೋಗಲ್ಲ. ಮೇಲಿಂದ ಬೇರಿನ ಬಣ್ಣ ಕೊಟ್ರೂ ತೋಳು ಗಾಢವಾಗೇ ಕಾಣುತ್ತೆ.”

“ಕಾಣಲಿ ಬಿಡಿ.”

ಅವಳು ಸೊಂಟಕ್ಕೆ ಸಿಕ್ಕಿಸಿದ್ದ ದಾರದುಂಡೆ ಎಳೆದು ಅಂಗಿಯ ಮೂಲೆಗೆ ಬಿಗಿಯಾಗಿ ಸುತ್ತಿದಳು. ಅವನು ದಾರದ ತುದಿ ಹಿಡಿದುಕೊಂಡ.

“ನನಗಿನ್ನೂ ಭಯ ಆಗುತ್ತೆ,” ಎಂದಳು ಮೆಲ್ಲಗೆ.

“ಯಾವುದಕ್ಕೆ?”

“ಇಷ್ಟು ಒಳ್ಳೇದಾಗ್ತಿದೆಯಲ್ಲ, ಅದಕ್ಕೆ.”

“ನನಗೂ,” ಎಂದ ಅವನು. “ಗಂಟು ಹಾಕಿ.”

ಹಾಕಿದಳು.

ಅಂಗಿ ಹಂಡೆಯಲ್ಲಿ ಮುಳುಗಿ ಎದ್ದು, ಹಿಂಡಿ, ಗಂಟು ಬಿಚ್ಚಿ ಹಗ್ಗದ ಮೇಲೆ ಹರಡುವ ಹೊತ್ತಿಗೆ, ಮಡಿಸುವ ಅಕ್ಕ ಎರಡು ಲೋಟ ಹಿಡಿದು ಬಾಗಿಲಿಗೆ ಬಂದಳು. ರಜೆಯ ದಿನ ಇವಳಿಗಿಲ್ಲಿ ಏನು ಕೆಲಸವೋ!

“ತಗೊಳ್ಳಿ ನಿಂಬೆ ಸಾಹೇಬ್ರೇ. ಅವತ್ತಿನ ಶರಬತ್ತು, ಬಾಕಿ ಇತ್ತು.”

ಅವನು ಗಾಬರಿಯಲ್ಲಿ ಲೋಟ ಹಿಡಿಯಲು ಹೋಗಿ, ಹಗ್ಗದ ಮೇಲಿದ್ದ ಅಂಗಿಯ ಅಂಚಿಗೆ ಒಂದು ಹನಿ ಚೆಲ್ಲಿದ.

ಮೂವರೂ ಬಗ್ಗಿ ನೋಡಿದರು. ಬಿಳಿ ಚುಕ್ಕೆಯ ಪಕ್ಕದಲ್ಲೇ, ಕೆಂಪಿನ ನಡುವೆ, ಕಿತ್ತಳೆ ಮೆಲ್ಲಗೆ ಅರಳುತ್ತಿತ್ತು.