ಬೋರಮಾಳದ ಎಂಟು ಗುಂಡು

ಮೂರು ವರ್ಷ ದೊಡ್ಡವ್ವ ಮರೆವ್ವನ ಹೊಲಸು ಬಳಿದವನು ಮಡಿವಾಳೆಪ್ಪ. ತನ್ನ ಕೊರಳಿನ ಬಂಗಾರದ ಗುಂಡುಗಳ ಬೋರಮಾಳ ಸರ ಮಾತ್ರ ಮೊಮ್ಮಗಳು ಐಶ್ವರ್ಯಾಳಿಗೆ ಎಂದು ಮುದುಕಿ ಹೇಳಿದ ದಿನ, ಆ ಕೋಣೆಯ ನಾತ ಅವನ ಮೂಗಿಗೆ ಹೊಸದಾಗಿ ಬಡಿಯಿತು. ಬೆನ್ನಿನ ಹುಣ್ಣಿನ ಕೀವು, ತಂಬಾಕಿನ ಜೊಲ್ಲು, ಒದ್ದೆ ಕೌದಿ. ಬೈಲಹೊಂಗಲದಲ್ಲಿ ಕಾಲೇಜು ಕಲಿಯುವ ಐಶ್ವರ್ಯಾ ತಿಂಗಳಿಗೊಮ್ಮೆ ಸಂಪಗಾಂವಿಗೆ ಬಂದು ಬಾಗಿಲಲ್ಲೇ ನಿಂತು ಹೋಗುತ್ತಿದ್ದಳು.

ಇಡೀ ಸರ ಕದ್ದರೆ ಸಿಕ್ಕಿಬೀಳುವುದು ಖಂಡಿತ. ಎಂಟು ಗುಂಡು ಸಾಕು. ಮೈ ಒರೆಸುವಾಗ ಹಳೆಯ ದಾರ ತಾನೇ ಹರಿದಂತೆ ಕಾಣಬೇಕು. ಜೇಬು, ಹಾಸಿಗೆ, ಟ್ರಂಕು ಎಲ್ಲ ಹುಡುಕುತ್ತಾರೆ. ಹೊಟ್ಟೆಯನ್ನು ಯಾರೂ ಹುಡುಕುವುದಿಲ್ಲ. ನಾಡಿದ್ದು ತನ್ನದೇ ಹೇಲಿನಲ್ಲಿ ಕಡ್ಡಿ ಆಡಿಸಬೇಕಲ್ಲ ಎಂದು ನೆನೆದು ವಾಕರಿಕೆ ಬಂತು. ಅದಕ್ಕೇ ಭಾನುವಾರ ಮಧ್ಯಾಹ್ನದಿಂದ ಉಪವಾಸವಿದ್ದ: ಹೊಲಸು ಕಡಿಮೆಯಾದಷ್ಟೂ ಒಳ್ಳೆಯದು.

ಗಂಟಲು ಬಾತದ್ದೂ ಅನುಕೂಲವೇ ಆಯಿತು. ಪೆನಿಸಿಲಿನ್ ಅವನ ಮೈಗೆ ಆಗದೆಂದು ಡಾಕ್ಟರು ಎರಿಥ್ರೊಮೈಸಿನ್ ಬರೆದುಕೊಟ್ಟಿದ್ದರು. ಗುಳಿಗೆ ನುಂಗುವವನು ಮುಖ ಕಿವುಚಿದರೆ ಯಾರಿಗೂ ಸಂಶಯ ಬಾರದು.

ಸೋಮವಾರ ಐಶ್ವರ್ಯಾ ಬಂದಿದ್ದಳು. ಮಡಿವಾಳೆಪ್ಪ ದಾರ ಹರಿದ; ಮೊದಲ ಗುಳಿಗೆಯ ಜೊತೆ ಒಂದೊಂದಾಗಿ ಎಂಟು ಗುಂಡು ಬರಿ ನೀರಿನಲ್ಲಿ ಇಳಿದವು. ಆಮೇಲೆ ಸರ ಹರಿಯಿತೆಂದು ಅವನೇ ಕೂಗಿದ. ನೆಲ ಗುಡಿಸಿದರು, ಕೌದಿ ಝಾಡಿಸಿದರು. ಉಳಿದ ಗುಂಡೆಲ್ಲ ಸಿಕ್ಕವು, ಎಂಟು ಸಿಗಲಿಲ್ಲ.

"ನನ್ನ ಅಂಗಿನೂ ನೋಡವಾ."

"ಛೇ, ಏನ್ ಮಾತ್ ಕಾಕಾ! ಅಜ್ಜಿ ಹೊಲಸು ಬಳದಾಂವ ನೀ. ನಿನ್ನ ಮ್ಯಾಲೆ ಸಂಶೆ ಪಟ್ರ ನನ್ನ ನಾಲಗಿಗೆ ಹುಳಾ ಬೀಳ್ತಾವ."

ಅಷ್ಟರಲ್ಲಿ ಹುಣ್ಣಿಗೆ ಪಟ್ಟಿ ಕಟ್ಟಲು ನರ್ಸ್ ಭಾಗೀರಥಿ ಬಂದಳು. ಮುದುಕಿಯನ್ನು ಮಗ್ಗುಲಿಗೆ ಹೊರಳಿಸಿ ಹಿಡಿದಿದ್ದ ಮಡಿವಾಳೆಪ್ಪನ ಹೊಟ್ಟೆಯನ್ನು ಯಾರೋ ಒದ್ದೆ ಬಟ್ಟೆಯಂತೆ ಹಿಂಡಿದರು. ಬೆವರು ಕಿತ್ತು ಬಂತು. ಹೊರಗೆ ಓಡಬೇಕೆಂದುಕೊಂಡ, ಹಿಡಿದ ಮುದುಕಿಯನ್ನು ಬಿಡುವಂತಿರಲಿಲ್ಲ. ಕೀವಿನ ಹತ್ತಿ ಹಾಕಿದ್ದ ಸ್ಟೀಲ್ ಬೋಗುಣಿಗೇ ಬಗ್ಗಿದ. ಹಳದಿ ಲೋಳೆಯ ಜೊತೆ ಠಣ್ ಎಂದು ಒಂದು ಬಿತ್ತು. ಆಮೇಲೆ ಮೂರು ಒಟ್ಟಿಗೆ.

ಐಶ್ವರ್ಯಾ ಬೋಗುಣಿಯನ್ನು ನೋಡಿದಳು, ಅವನನ್ನು ನೋಡಿದಳು. ಬೋಗುಣಿಗೆ ಬೆನ್ನು ಮಾಡಿದ್ದ ಭಾಗೀರಥಿಗೆ ಬಂಗಾರ ಕಾಣಲಿಲ್ಲ. ನರ್ಸ್ ಕಿಟಕಿಯಲ್ಲಿದ್ದ ಅವನ ಗುಳಿಗೆ ಚೀಟಿ ತಿರುವಿ ಓದಿ, ಲೊಚಗುಟ್ಟಿದಳು: "ಇದನ್ನ ಹಸದ ಹೊಟ್ಟಿಲೆ ನುಂಗಿದ್ರೇನ್ರಿ? ಇದು ಬರೇ ಗಂಟಲದ್ದಲ್ರಿ. ಹೊಟ್ಟಿ ಜಡ್ಡಗಟ್ಟಿ, ಒಳಗಿಂದು ಒಳಗ ನಿಂತೋರಿಗೆ ದೊಡ್ಡ ದವಾಖಾನ್ಯಾಗ ಇದನ್ನ ಕೊಡತಾರ. ಏನನ್ನೂ ಒಳಗ ಇರಗೊಡೂದಿಲ್ಲ."