ಕನ್ನಡಿಯ ಮೇಲೆ ಎರಡು ದಿಬ್ಬ

ಕನ್ನಡಿ ಕೆಟ್ಟಿತ್ತು.

ಮಾಲತೇಶ ಒಮ್ಮೆ ನೋಡಿದ. ಚಸ್ಮಾ ತೆಗೆದು ಒರೆಸಿಕೊಂಡು ಮತ್ತೊಮ್ಮೆ ನೋಡಿದ. ಆಮೇಲೆ ಸ್ಟೂಲಿನಿಂದ ಎದ್ದು, ಬೆಂಚಿನ ಮೇಲೆ ಕುಳಿತಿದ್ದ ಎಬಿನೇಜರ ಮಾಸ್ತರರ ಕಡೆಗೆ ತಿರುಗಿದ.

“ಮಾಸ್ತರ, ನಿನ್ನೆ ಸಂಜೀಕ ನಾ ನೋಡಿದ ಕನ್ನಡಿ ಇದಲ್ರಿ.”

ಕೇಶ್ವಾಪುರದ ಚರ್ಚಿನ ಮಗ್ಗುಲಲ್ಲಿದ್ದ ಆ ಹಳೆಯ ಸಭಾಂಗಣದಲ್ಲಿ ಐದೇ ಜನರಿದ್ದರು. ಮಾಸ್ತರರು ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ಅವರ ಕಣ್ಣು ಪಕ್ಕದಲ್ಲಿದ್ದ ಗೆಳೆಯ ಹಜರತಅಲಿಯ ಮುಖದ ಮೇಲೆ ಒಂದು ಗಳಿಗೆ ಹೋಗಿ ಬಂತು. ಹಜರತಅಲಿ ಅದನ್ನು ಕಂಡ. ಗೋಡೆಯ ಬದಿಗೆ ಕುಳಿತಿದ್ದ ರೆಬೆಕಾಬಾಯಿಯೂ ಕಂಡರು.

ರೆಬೆಕಾಬಾಯಿ ಪೊಲೀಸ್ ಖಾತೆಯ ಬೆರಳಚ್ಚು ವಿಭಾಗದಲ್ಲಿ ತಲೆ ಬೆಳ್ಳಗಾಗುವವರೆಗೆ ದುಡಿದು ನಿವೃತ್ತರಾದವರು. ಕಳ್ಳರ ಮುಖಕ್ಕಿಂತ ಕಳ್ಳರ ಕೈಯನ್ನೇ ಹೆಚ್ಚು ಬಲ್ಲವರು. ಆದರೆ ಈ ಬೆಳಗ್ಗೆ ಅವರು ಬಂದದ್ದು ಕಳ್ಳನನ್ನು ಹುಡುಕಲಿಕ್ಕಲ್ಲ. ತೀರಿಹೋದ ಗೆಳತಿಯ ಆಸೆಯೊಂದು ಕೈಗೂಡುವುದನ್ನು ನೋಡಲಿಕ್ಕೆ.

ಆ ಗೆಳತಿ ಐರಿನ್, ಮಾಸ್ತರರ ಹೆಂಡತಿ. ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದಳು. ಸತ್ತೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಚಂದ್ರನ ಮೇಲಿನ ಕುಳಿಗಳನ್ನು ಮಕ್ಕಳು ಪುಸ್ತಕದಲ್ಲಿ ನೋಡಿದರೆ ಸಾಲದು, ಕಣ್ಣಾರೆ ಕಾಣಬೇಕು, ಶಾಲೆಗೊಂದು ದುರ್ಬೀನು ಮಾಡಿಕೊಡಿರೆಂದು ಗಂಡನಿಂದ ಮಾತು ತೆಗೆದುಕೊಂಡಿದ್ದಳು. ಅವಳು ಹೋದಮೇಲೆ ಮಾಸ್ತರರ ದುಃಖವೆಲ್ಲ ಕೈಗಿಳಿಯಿತು. ದುರ್ಬೀನಿಗೆ ಬೇಕಾದ ಕನ್ನಡಿಗೆಂದು ಗಾಜು ತಿಕ್ಕಲು ಕುಳಿತರು.

ಗಾಜು ತಂದವನು ಹಜರತಅಲಿ. ಅವನದು ಫೋಟೋಕ್ಕೆ ಕಟ್ಟು ಹಾಕುವ, ಗಾಜು ಕತ್ತರಿಸುವ ಅಂಗಡಿ. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದು ಬೇಡವೆಂದು ತೆಗೆದಿಟ್ಟ ದಪ್ಪ ಗಾಜಿನ ಹಲಗೆಯನ್ನು ಹೊತ್ತು ತಂದು, ಅದರಲ್ಲಿ ಎರಡು ಬಿಲ್ಲೆ ಕತ್ತರಿಸಿದ. ಒಂದು ಮಾಸ್ತರರಿಗೆ. ಇನ್ನೊಂದು ತನಗೇ. ದುಃಖದಲ್ಲಿರುವ ಮನುಷ್ಯ ಒಬ್ಬನೇ ಕುಳಿತು ತಿಕ್ಕಬಾರದು ಎಂದು ಅವನ ಲೆಕ್ಕ. ಅಂಗಡಿಯ ಹಿಂದೆ ಇಬ್ಬರೂ ಎದುರುಬದುರು ಕುಳಿತು ತಿಕ್ಕಿದರು. ನಿನ್ನದು ಕನ್ನಡಿಯಲ್ಲ, ಸಾರಿನ ಬಟ್ಟಲು ಎಂದು ಇವರು. ನಿಮ್ಮದು ದ್ವಾಸಿ ಹಂಚು ಎಂದು ಅವನು. ಯಾರದು ಚೆನ್ನಾಗಿ ಬರುತ್ತದೋ ಅದು ದುರ್ಬೀನಿಗೆ ಎಂದು ಪಂಥ ಕಟ್ಟಿದ್ದರು. ಎರಡೂ ಅವಳಿಜವಳಿ. ಹೊರಗಿನಿಂದ ನೋಡಿದರೆ ಯಾವುದು ಯಾರದೆಂದು ಹೇಳಲಾಗದು.

ಪರೀಕ್ಷೆ ಮಾಡಲು ಧಾರವಾಡದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಮಾಲತೇಶ ಬಂದಿದ್ದ. ಅವನ ಸಾಮಾನು ಬಹಳ ಸಣ್ಣದು. ಒಂದು ಸ್ಟ್ಯಾಂಡು, ಅದರ ಮೇಲೆ ಸೂಜಿಮೊನೆಯಷ್ಟು ಬೆಳಕು ಬಿಡುವ ದೀಪ, ಒಂದು ಕ್ಷೌರದ ಬ್ಲೇಡು. ಬೆಳಕು ಕನ್ನಡಿಗೆ ಹೋಗಿ ತಿರುಗಿ ಬಂದು ಒಂದು ಚುಕ್ಕೆಯಲ್ಲಿ ಕೂಡುತ್ತದೆ. ಅಲ್ಲಿ ಬ್ಲೇಡನ್ನು ಅಡ್ಡ ಹಿಡಿದು ನೋಡಿದರೆ, ಕೂದಲಿನ ಸಾವಿರದಲ್ಲೊಂದು ಪಾಲಿನ ಏರುತಗ್ಗು ಕೂಡ ನೆರಳಾಗಿ, ಗುಡ್ಡವಾಗಿ ಕಾಣುತ್ತದೆ. ಒಳ್ಳೆಯ ಕನ್ನಡಿ ಹೇಗೆ ಕಾಣಬೇಕೆಂದು ರೆಬೆಕಾಬಾಯಿ ಕೇಳಿದ್ದರು. ಉದ್ದಿನ ವಡೆಯ ಹಾಗೆ ಎಂದಿದ್ದ ಮಾಲತೇಶ. ಸುತ್ತಲೂ ನುಣುಪು ಉಬ್ಬು, ನಡುವೆ ಒಂದು ತಗ್ಗು.

ನಿನ್ನೆ ಸಂಜೆ ಮಾಸ್ತರರ ಕನ್ನಡಿ ಬಿಸಿ ವಡೆಯ ಹಾಗೆಯೇ ಕಂಡಿತ್ತು. ಆದರೂ ರಾತ್ರಿಯಿಡೀ ಇಲ್ಲೇ ತಣ್ಣಗಿರಲಿ, ಮುಂಜಾನೆ ಎರಡನ್ನೂ ನೋಡಿ ಕಡೆಯ ಮಾತು ಹೇಳುತ್ತೇನೆ ಎಂದು ಮೇಜಿನ ಮೇಲೆ ನಿಲ್ಲಿಸಿ, ತೆಳುವಾದ ಮಲ್ಲಿನ ಬಟ್ಟೆ ಹೊದಿಸಿ ಹೋಗಿದ್ದ. ಗಾಜಿಗೆ ಯಾರೂ ಕೈ ತಾಗಿಸಬಾರದೆಂದು ಎಲ್ಲರಿಗೂ ಹೇಳಿದ್ದ. ಈಗ ಬಟ್ಟೆ ತೆಗೆದು, ಸ್ಟೂಲಿನ ಮೇಲೆ ಕುಳಿತು, ಬ್ಲೇಡು ಸರಿಸಿದ ಕೂಡಲೇ ವಡೆಯಿಲ್ಲ.

“ಎರಡು ದಿಬ್ಬ ಅದಾವ್ರಿ,” ಎಂದ. “ಜ್ವಾಳದ ರೊಟ್ಟಿ ಉಬ್ಬಿಧಂಗ.”

*

ಹಜರತಅಲಿಯ ಕನ್ನಡಿ ಮೇಜಿನ ಕೆಳಗೆ ಕಟ್ಟಿಗೆಯ ಪೆಟ್ಟಿಗೆಯಲ್ಲಿತ್ತು. ಮಾಲತೇಶ ಕೈಗವಸು ಹಾಕಿಕೊಂಡು ಅದನ್ನೆತ್ತಿ, ಮಾಸ್ತರರ ಕನ್ನಡಿಯನ್ನು ಪಕ್ಕಕ್ಕಿರಿಸಿ, ಅದರ ಜಾಗದಲ್ಲಿ ನಿಲ್ಲಿಸಿದ. ಮತ್ತೆ ಸ್ಟೂಲಿಗೆ ಹೋಗಿ ಕುಳಿತ. ಬೆಳಕು ಕೂಡಲಿಲ್ಲವೆಂದು ಗೊಣಗುತ್ತ, ಸ್ಟ್ಯಾಂಡನ್ನು ಒಂದು ಗೇಣು ಹಿಂದಕ್ಕೆ ಎಳೆದ. ನೋಡಿದ. ಅವನ ಮುಖ ಅರಳಿತು, ಮರುಕ್ಷಣ ಗಂಟಿಕ್ಕಿತು.

ಅದು ವಡೆಯಾಗಿತ್ತು. ಒಂದು ಕುಂದಿಲ್ಲದ ವಡೆ.

ಮಾಲತೇಶ ಒಳ್ಳೆಯ ಹುಡುಗ, ಆದರೆ ನಾಲಿಗೆ ಮುಂದು. ನಿನ್ನೆ ಒಳ್ಳೆಯದಿದ್ದದ್ದು ಇವತ್ತು ಕೆಟ್ಟದ್ದಾಗಿದೆ, ಪೆಟ್ಟಿಗೆಯಲ್ಲಿದ್ದದ್ದು ಥೇಟ್ ನಿನ್ನೆಯದರ ಹಾಗಿದೆ, ಗಾಜಿಗೆ ಕಾಲು ಬರುವುದಿಲ್ಲವಲ್ಲ ಎಂದುಬಿಟ್ಟ. ಯಾರು ಅದಲುಬದಲು ಮಾಡಿದರೆಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಹಜರತಅಲಿ ಎದ್ದು ನಿಂತ.

“ಎರಡೂ ನೀವ ಇಟ್ಕೊಳ್ರಿ, ಮಾಸ್ತರ. ನಾ ಅಂಗಡಿ ತಗೀಬೇಕು.”

ಮಾಸ್ತರರು ತಲೆ ಎತ್ತಲಿಲ್ಲ. ಅವನು ಬಾಗಿಲ ತನಕ ಹೋದ. ಈ ಬಾಗಿಲು ದಾಟಿದರೆ ಇವನು ತಿರುಗಿ ಬರುವವನಲ್ಲವೆಂದು ರೆಬೆಕಾಬಾಯಿಗೆ ಗೊತ್ತಾಯಿತು. ಐರಿನಳನ್ನು ಮಣ್ಣಿಗಿಟ್ಟು ಬಂದ ದಿನದಿಂದ ಮಾಸ್ತರರಿಗೆ ಉಣ್ಣು ಎಂದು ಬೈದು ಉಣ್ಣಿಸಿದವನು ಇವನೊಬ್ಬನೇ. ಕನ್ನಡಿ ಹೋದರೆ ಇನ್ನೊಂದು ತಿಕ್ಕಬಹುದು.

“ಕೂಡ್ರಿ, ಅಲಿಭಾಯಿ,” ಎಂದರು. “ಪಂಚನಾಮಾ ಆಗೂ ಮೊದಲ ಯಾರೂ ಹೊರಗ ಹೋಗಂಗಿಲ್ಲ.”

ಅರ್ಧ ನಗೆಯ ಮಾತು. ಆದರೆ ಪೊಲೀಸ್ ದನಿ. ಹಜರತಅಲಿ ಅಲ್ಲೇ ಹೊಸ್ತಿಲ ಹತ್ತಿರ ಕುಳಿತ.

*

ರೆಬೆಕಾಬಾಯಿ ಚೀಲದಿಂದ ಭೂತಗನ್ನಡಿ, ಟಾರ್ಚು ತೆಗೆದರು. ಮೊದಲು ಬೆರಳಚ್ಚು. ಬೆಳಕನ್ನು ಓರೆಯಾಗಿ ಬಿಟ್ಟು ಎರಡೂ ಗಾಜುಗಳ ಅಂಚು ನೋಡಿದರು. ಮಾಸ್ತರರ ಬೆರಳು ಎರಡರ ಮೇಲೂ ಇದ್ದವು. ಹಜರತಅಲಿಯವೂ ಎರಡರ ಮೇಲೂ ಇದ್ದವು. ವರ್ಷಗಟ್ಟಲೆ ಒಬ್ಬರದನ್ನೊಬ್ಬರು ಎತ್ತಿ ನೋಡಿ ಬೈದುಕೊಂಡವರಲ್ಲವೇ. ಇದರಿಂದ ಉಪಯೋಗವಾಗಲಿಲ್ಲ. ಕನ್ನಡಿಗಳ ಮುಖದ ಮೇಲೆ ಮಾತ್ರ ಒಂದು ಗೆರೆಯೂ ಇರಲಿಲ್ಲ. ಯಾರೂ ಮುಟ್ಟಿಲ್ಲ ಎಂದರು.

ಆಮೇಲೆ ಬೀಗದ ಕೈ. ಅದು ಅಲ್ಲಿದ್ದ ಐದನೆಯವರಾದ ಕಾಲೆಬ ಹಿರಿಯರ ಹತ್ತಿರ ಇರುತ್ತಿತ್ತು. ಚರ್ಚಿನ ಹಿರಿಯರು, ಐರಿನಳ ಸ್ವಂತ ಅಣ್ಣ, ಎಂಬತ್ತು ದಾಟಿದವರು, ಸುಳ್ಳು ಎಂಬುದನ್ನು ಅರಿಯದವರು. ಅವರು ಹೇಳಿದ್ದಿಷ್ಟು. ಹಜರತಅಲಿ ಎಲ್ಲರಿಗಿಂತ ಮೊದಲು ಬಂದ, ಪೆಟ್ಟಿಗೆ ಒಳಗಿಟ್ಟ, ಸ್ವಲ್ಪ ಹೊತ್ತು ಒಬ್ಬನೇ ಇದ್ದ, ಚಹಾ ತರಲು ಹೋದ. ಆಮೇಲೆ ಎಲ್ಲರೂ ಬರುವ ತನಕ ಒಳಗೆ ಯಾರೂ ಹೋಗಲಿಲ್ಲ. ತಾವು ಬಾಗಿಲ ಬಳಿ ಎಳೆಬಿಸಿಲಿಗೆ ಕುಳಿತಿದ್ದರು.

ಸಾಕ್ಷಿ ನೆಟ್ಟಗೆ ಹಜರತಅಲಿಯ ಕೊರಳಿಗೆ ಬಂದು ಬಿತ್ತು. ಒಬ್ಬನೇ ಇದ್ದಾಗ ಏನು ಮಾಡುತ್ತಿದ್ದೆಯೆಂದು ಕೇಳಿದರೆ, ಮಾಸ್ತರರ ಕನ್ನಡಿ ಗೆಲ್ಲಲಿ ಎಂದು ಬೇಡಿಕೊಳ್ಳುತ್ತಿದ್ದೆ, ಪಂಥ ಸೋತರೂ ಚಿಂತೆಯಿಲ್ಲ ಎಂದಿದ್ದೆ ಅಂದ. ಮಾಲತೇಶ ಬೇರೆ ಕಡೆ ನೋಡಿದ. ನಂಬಲಿಲ್ಲವೆಂದು ಅವನ ಕುತ್ತಿಗೆಯೇ ಹೇಳಿತು.

ರೆಬೆಕಾಬಾಯಿ ನೆಲ ನೋಡುತ್ತ ಕೋಣೆಯ ಉದ್ದಕ್ಕೂ ನಡೆದರು. ಸ್ಟ್ಯಾಂಡಿನ ಹತ್ತಿರ ನಿಂತರು. ಅದರ ಕಾಲುಗಳ ಮುಂದೆ, ಒಂದು ಗೇಣು ದೂರದಲ್ಲಿ, ನೆಲದ ಮೇಲೆ ಸೀಮೆಸುಣ್ಣದ ಗುರುತುಗಳಿದ್ದವು.

“ಇದು ಯಾವಾಗ ಹಾಕಿದ್ದು, ಮಾಲತೇಶ?”

“ನಿನ್ನೆ ಸಂಜಿಕ್ರಿ. ಬೆಳಕು ಕೂಡೂ ಜಾಗಾ ಸಿಗಲಿಕ್ಕೆ ಭಾಳ ಹೊತ್ತು ಹಿಡೀತದ. ಮತ್ತ ಹುಡುಕೂದು ಬ್ಯಾಡಂತ ಗುರುತು ಹಾಕಿದ್ದೆ.”

“ಇವತ್ತ ಮೊದಲನೇ ಕನ್ನಡಿ ನೋಡಿದಾಗ ಸ್ಟ್ಯಾಂಡ್ ಸರಿಸಿದ್ಯೇನು?”

“ಇಲ್ರಿ. ಕೂತ ಕೂಡ್ಲೆ ಸಿಕ್ತು.”

“ಎರಡನೇದಕ್ಕ?”

“ಹಿಂದಕ್ಕ ಎಳೀಬೇಕಾತು. ಕೈಲೆ ತಿಕ್ಕಿದ ಎರಡು ಗಾಜು ಒಂದ ದೂರಕ್ಕ ಬೆಳಕು ಕೂಡಸಂಗಿಲ್ಲ. ಒಂದೊಂದರ ದೂರ ಬ್ಯಾರೆ—”

ಮಾಲತೇಶನಿಗೆ ತನ್ನ ತಪ್ಪು ಹೊಳೆಯಿತು. ಕಿವಿಯ ತನಕ ಕೆಂಪಾದ.

“ಹೇಳು, ಹೇಳು,” ಎಂದರು ರೆಬೆಕಾಬಾಯಿ. “ನಿನ್ನೆ ಈ ಗೆರಿ ಮ್ಯಾಲ ಕೂಡಿದ್ದು ಮಾಸ್ತರರ ಗಾಜು. ಇವತ್ತ ಈ ಗೆರಿ ಮ್ಯಾಲ ಕೂಡಿದ್ದೂ ಅದ. ಅದಲುಬದಲು ಆಗಿದ್ರ ಪೆಟ್ಟಿಗ್ಯಾಗಿಂದ ಬಂದದ್ದು ಗೆರಿಗೆ ಕೂಡತಿತ್ತು. ಕೂಡಲಿಲ್ಲ. ಕಳವು ಆಗೇ ಇಲ್ಲ, ತಮ್ಮಾ.”

ಹೊಸ್ತಿಲ ಬಳಿ ಹಜರತಅಲಿ ಒಂದು ದೊಡ್ಡ ಉಸಿರು ಬಿಟ್ಟ. ಮಾಸ್ತರರು ಅವನ ಕಡೆ ನೋಡಲಿಕ್ಕೆ ಹೋಗಿ, ನೋಡಲಾರದೆ, ತಮ್ಮ ಅಂಗೈಗಳನ್ನು ನೋಡಿಕೊಂಡರು.

*

ಒಂದು ಗಂಟು ಬಿಚ್ಚಿತು. ಇನ್ನೊಂದು ಬಿಗಿಯಾಯಿತು. ಅದೇ ಕನ್ನಡಿ ನಿನ್ನೆ ಒಳ್ಳೆಯದು, ಇವತ್ತು ಕೆಟ್ಟದ್ದು ಹೇಗೆ?

ಸೆಕೆ ತಾಗಿದರೆ ಗಾಜು ಉಬ್ಬುತ್ತದೆ ಎಂದು ಮಾಲತೇಶನೇ ಹೇಳಿದ. ಆದರೆ ಇದು ರಾತ್ರಿಯೆಲ್ಲ ತಣ್ಣಗೆ ನಿಂತಿದೆ, ಕಿಟಕಿಗಳು ಮುಚ್ಚಿವೆ, ಯಾರೂ ಮುಟ್ಟಿಲ್ಲವೆಂದು ತಾವೇ ಹೇಳಿದಿರಿ ಎಂದ. ರೆಬೆಕಾಬಾಯಿ ಮಾಸ್ತರರ ಕನ್ನಡಿಯನ್ನು ಮತ್ತೆ ನಿಲ್ಲಿಸಿ, ಸ್ಟ್ಯಾಂಡನ್ನು ಗೆರೆಗೆ ತರಲು ಹೇಳಿದರು. ಈ ಸಲ ತಾವೇ ಸ್ಟೂಲಿನ ಮೇಲೆ ಕುಳಿತು, ಬ್ಲೇಡಿನ ಪಕ್ಕಕ್ಕೆ ಕಣ್ಣಿಟ್ಟರು.

ತಿಂಗಳ ಬೆಳಕಿನಂಥ ಒಂದು ದುಂಡು ಮುಖ. ಅದರ ಮೇಲೆ ಎರಡು ದಿಬ್ಬ, ಅಕ್ಕಪಕ್ಕ. ಮಾಲತೇಶ ಮೊದಲು ಹೇಳಿದಷ್ಟು ಎತ್ತರವಿಲ್ಲ. ಅವರು ನೋಡುತ್ತಿದ್ದ ಹಾಗೆಯೇ ಇನ್ನೂ ಸ್ವಲ್ಪ ತಗ್ಗಿದವು. ಕೆಳಗೆ ಅಗಲ, ಮೇಲೆ ಹೋಗುತ್ತ ಕಿರಿದು; ಒಂದರ ಒಳಮೂಲೆ ಇನ್ನೊಂದರ ಕಡೆಗೆ ಚಾಚಿತ್ತು.

ಅವರಿಗೆ ನಗು ಬಂತು. ಆಯುಷ್ಯವೆಲ್ಲ ಇದನ್ನೇ ಅಲ್ಲವೇ ನೋಡಿದ್ದು. ಗೆರೆಯಿಲ್ಲ, ಸುಳಿಯಿಲ್ಲ, ಜಿಡ್ಡಿಲ್ಲ. ಆದರೂ ಇದು ಕೈ. ಎರಡು ಅಂಗೈ, ಹೆಬ್ಬೆರಳಿಗೆ ಹೆಬ್ಬೆರಳು ಹತ್ತಿರ.

ಸ್ಟೂಲಿನಿಂದ ಎದ್ದು ಮಲ್ಲಿನ ಬಟ್ಟೆಯನ್ನು ಎತ್ತಿ ಹಿಡಿದರು. ಬೆಳಕು ಆಚೆಗೆ ಹಾಯುವಷ್ಟು ತೆಳು. ನೇರ ಹೋಗಿ ಕಾಲೆಬ ಹಿರಿಯರ ಎದುರು ಕುಳಿತು, ಮುದುಕರ ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ಬಿಸಿಲಿಗೆ ಕಾದ ಕೈ ಇನ್ನೂ ಬೆಚ್ಚಗಿದ್ದವು.

“ಕಾಲೆಬಣ್ಣಾ, ಒಳಗ ಯಾರೂ ಹೋಗಿಲ್ಲ ಅಂದ್ರಿ. ನೀವು?”

ಹಿರಿಯರು ತಬ್ಬಿಬ್ಬಾದರು. ತಮ್ಮನ್ನು ಯಾರೂ ಲೆಕ್ಕಕ್ಕೆ ಹಿಡಿಯುವರೆಂದು ಅವರಿಗೆ ಹೊಳೆದೇ ಇರಲಿಲ್ಲ.

“ನಾ ಹೋಗಿದ್ದೆವ್ವಾ. ಪ್ರಾರ್ಥನಾ ಮಾಡಾಕ. ಅದನ್ನ ಮಂದಿಗೆ ಸಾರಿ ಹೇಳೂದು ಏನೈತಿ?”

“ಹೆಂಗ ಮಾಡಿದ್ರಿ?”

“ಕೈ ಇಟ್ಟು. ಗಾಜಿಗೆ ತಾಗಿಸಬಾರದು ಅಂತ ಹೇಳಿದ್ರಲ್ಲ, ತಾಗಿಸಿಲ್ಲ. ಅರಿವಿ ಮ್ಯಾಲಿಂದ ಇಟ್ಟೆ.” ಮುದುಕರ ದನಿ ತಗ್ಗಿತು. “ಸತ್ತೂರಿನ ದವಾಖಾನ್ಯಾಗ ತಂಗಿ ತಲಿ ಮ್ಯಾಲ ಇದ ಕೈ ಇಟ್ಟು ಬೇಡ್ಕೊಂಡಿದ್ದೆ. ಆಕಿ ಉಳೀಲಿಲ್ಲ. ಇದರೆ ಉಳೀಲಿ ಅಂತ ಭಾಳ ಹೊತ್ತು ಇಟ್ಟೆ.”

ರೆಬೆಕಾಬಾಯಿ ಆ ಕೈಗಳನ್ನು ಬಿಡದೆ, ನಡೆದದ್ದನ್ನು ಎಲ್ಲರಿಗೂ ಬಿಡಿಸಿ ಹೇಳಿದರು. ಬೆರಳಿನ ಜಿಡ್ಡನ್ನು ಬಟ್ಟೆ ತಡೆಯಿತು. ಅದಕ್ಕೇ ಅಚ್ಚು ಬೀಳಲಿಲ್ಲ. ಕೈಯ ಕಾವನ್ನು ಬಟ್ಟೆ ತಡೆಯಲಿಲ್ಲ. ಅದಕ್ಕೇ ಗಾಜು ಕೈ ಇಟ್ಟಲ್ಲಿ ಉಬ್ಬಿತು. ಅದು ಆರುವ ಮೊದಲೇ ಮಾಲತೇಶ ಬಂದು ಕುಳಿತ. ಪೆಟ್ಟಿಗೆಯಲ್ಲಿದ್ದ ಗಾಜಿಗೆ ಯಾರ ಕೈಯೂ ಸೋಕಲಿಲ್ಲ. ಅದು ಇದ್ದ ಹಾಗೇ ಕಂಡಿತು. ಖಾತ್ರಿ ಬೇಕಿದ್ದರೆ ಒಂದು ಅಂಚಿಗೆ ಬಟ್ಟೆಯ ಮೇಲಿಂದ ಹೆಬ್ಬೆರಳು ಇಟ್ಟು ನೋಡು ಎಂದರು.

ಮಾಲತೇಶ ಇಟ್ಟು ನೋಡಿದ. ಹೆಬ್ಬೆರಳಿನಷ್ಟು ಒಂದು ಹೊಸ ಗುಡ್ಡ ಎದ್ದಿತ್ತು. ಅವನೂ ನಕ್ಕುಬಿಟ್ಟ.

“ಹಂಗಾದ್ರ ಕೆಡಿಸಿದಾಂವ ನಾನ ಏನು?” ಕಾಲೆಬ ಹಿರಿಯರ ಕಣ್ಣಲ್ಲಿ ನೀರು ಬಂತು. “ನನ್ನ ಪ್ರಾರ್ಥನಾದಿಂದ—”

“ಪ್ರಾರ್ಥನಾ ಏನೂ ಕೆಡಿಸಿಲ್ಲಣ್ಣಾ. ನೀವು ಕೇಳಾಕ ತಡಾ ಮಾಡಿದ್ರಿ, ಅಷ್ಟ. ದೇವರು ನಿನ್ನೆ ಸಂಜೀಕನ ಕೊಟ್ಟು ಕುಂತಿದ್ದ.”

*

ಚಹಾ ಆರಿಹೋಗಿತ್ತು. ಆದರೂ ಎಲ್ಲರೂ ಕುಡಿದರು, ಗಾಜೂ ಆರಲಿ ಎಂದು. ಆಮೇಲೆ ಮಾಲತೇಶ ಕುಳಿತು ನೋಡಿದ. ಬಹಳ ಹೊತ್ತು ನೋಡಿದ. ಹಿಂದಿರುಗಿ ನೋಡದೆಯೇ ಕೈಸನ್ನೆ ಮಾಡಿ ಮಾಸ್ತರರನ್ನು ಕರೆದ.

ಮಾಸ್ತರರು ಕಣ್ಣಿಟ್ಟರು. ದಿಬ್ಬಗಳು ಕರಗಿದ್ದವು. ಸುತ್ತಲೂ ನುಣುಪು ಉಬ್ಬು, ನಡುವೆ ತಗ್ಗು. ಐರಿನ್ ಎಂದು ಅವರು ಒಂದು ಸಲ ಅಂದದ್ದು ಹತ್ತಿರವಿದ್ದ ರೆಬೆಕಾಬಾಯಿಗೆ ಮಾತ್ರ ಕೇಳಿಸಿತು.

ಎರಡೂ ಗೆದ್ದಿದ್ದವು. ಯಾವುದು ಮೇಲು ಎಂದು ಕೇಳಿದರೆ, ತನ್ನಿಂದ ಹೇಳಲಾಗದು, ತಾನು ಇವತ್ತು ಬಾಯಿ ಬಿಟ್ಟದ್ದೇ ಹೆಚ್ಚಾಯಿತು ಎಂದ ಮಾಲತೇಶ, ಹಜರತಅಲಿಯ ಕಾಲು ಮುಟ್ಟಲು ಬಗ್ಗಿದ. ಹಜರತಅಲಿ ಅವನ ಭುಜ ಹಿಡಿದು ಎತ್ತಿದ. ಮಾಸ್ತರರೂ ಎದ್ದು ಬಂದರು. ಗೆಳೆಯನ ಎದುರು ನಿಂತರು.

“ವರ್ಷಗಟ್ಟಲೆ ದಿನಾ ಬೈದೀರಿ, ಮಾಸ್ತರ,” ಎಂದ ಹಜರತಅಲಿ. “ಅದು ಒಂದೂ ಚುಚ್ಚಿಲ್ಲ. ಇವತ್ತ ಬಾಯಿ ಬಿಡದ ನೋಡಿದ್ರಲ್ಲ, ಅದು ಚುಚ್ತು.”

“ತಪ್ಪಾತು ಅಲಿಭಾಯಿ. ದುರ್ಬೀನಿಗೆ ನಿನ್ನದ ಹಾಕೂಣು.”

“ಸಾರಿನ ಬಟ್ಟಲಾ? ಬ್ಯಾಡ್ರಿ. ಐರಿನ್ ಬಾಯಾರಿಗೆ ಮಾತು ಕೊಟ್ಟಾವ್ರು ನೀವು. ನಿಮ್ಮ ದ್ವಾಸಿ ಹಂಚ ಹಾಕ್ರಿ. ನಂದಕ್ಕ ಇನ್ನೊಂದು ಸಾಲಿ ಹುಡುಕೂಣಂತ.”

ಮಾಸ್ತರರು ನಕ್ಕರು. ಐರಿನ್ ಹೋದಮೇಲೆ ಅವರು ಹೀಗೆ ಹೊಟ್ಟೆ ಹಿಡಿದು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ.

ಆಗ ಕಾಲೆಬ ಹಿರಿಯರು ಕೋಲೂರಿ ಎದ್ದರು. ಇಷ್ಟೆಲ್ಲ ದಯೆಯಾದಮೇಲೆ ಒಂದು ಸ್ತೋತ್ರದ ಪ್ರಾರ್ಥನೆ ಮಾಡದೆ ಮನೆಗೆ ಹೋಗುವುದು ಸರಿಯಲ್ಲವೆಂದು ಹೇಳುತ್ತ, ಅಭ್ಯಾಸಬಲದಿಂದ ಮೇಜಿನ ಕಡೆಗೇ ಹೆಜ್ಜೆ ಹಾಕಿದರು. ಮಾಲತೇಶ ಎರಡೂ ಕನ್ನಡಿಗಳಿಗೆ ಅಡ್ಡ ನಿಂತ. ಅಷ್ಟರಲ್ಲಿ ಹಜರತಅಲಿ ಮುಂದೆ ಬಂದು ಮುದುಕರ ಬಲಗೈಯನ್ನು ಭದ್ರವಾಗಿ ಹಿಡಿದುಕೊಂಡ. ಮಾಸ್ತರರು ಎಡಗೈ ಹಿಡಿದರು.

“ಈಗ ಮಾಡ್ರಿ, ಹಿರಿಯಾರ,” ಎಂದ ಹಜರತಅಲಿ. “ಎಷ್ಟು ಹೊತ್ತು ಬೇಕಾದ್ರೂ ಮಾಡ್ರಿ.”

ಹಿರಿಯರು ಕಣ್ಣು ಮುಚ್ಚಿದರು. ಅಪರಾಧಿಯ ಎರಡೂ ಕೈ ಹೀಗೆ ಸಿಕ್ಕಿಬಿದ್ದದ್ದನ್ನು ರೆಬೆಕಾಬಾಯಿ ತಮ್ಮ ನೌಕರಿಯಲ್ಲಿ ಎಷ್ಟೋ ಸಲ ಕಂಡಿದ್ದರು. ಹಿಡಿದವರೂ ಹಿಡಿಸಿಕೊಂಡವರೂ ಕೂಡಿ ತಲೆಬಾಗಿದ್ದನ್ನು ಇಂದೇ ಮೊದಲು ಕಂಡರು. ಭೂತಗನ್ನಡಿಯನ್ನು ಚೀಲಕ್ಕೆ ಹಾಕಿ ತಾವೂ ತಲೆಬಾಗಿದರು.